ಕರಾವಳಿಯ ಸೆಕೆಗೆ ಬಯಲುಸೀಮೆಯ ಉಪಾಯ ಸಾಲದು: ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಏನೇನು ಮಾಡಬೇಕು?

ಬಿಸಿಲು ಬೇರೆ, ಸೆಕೆ ಬೇರೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಫೆಬ್ರುವರಿ ಕಳೆಯಿತೆಂದರೆ ಓದುಗರಿಂದ ಅವೇ ಪ್ರಶ್ನೆಗಳು ಬರುತ್ತವೆ. ‘ಕಲಬುರಗಿಯಲ್ಲಿ 42 ಡಿಗ್ರಿ, ನಮ್ಮಲ್ಲಿ ಬರೀ 34. ಆದರೂ ಯಾಕೆ ಇಷ್ಟು ಸುಸ್ತು?’ ‘ಏರ್ ಕೂಲರ್ ತಗೊಂಡರೆ ಆದೀತಾ?’ ‘ಅಪ್ಪನಿಗೆ ಬಿಪಿ ಉಂಟು, ಉಪ್ಪು ಹಾಕಿದ ಮಜ್ಜಿಗೆ ಕೊಡಬಹುದಾ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಪತ್ರಿಕೆ, ಟಿವಿಗಳಲ್ಲಿ ಬರುವ ಬೇಸಿಗೆ ಸಲಹೆಗಳಲ್ಲಿ ಹೆಚ್ಚಿನವು ಒಣ ಬಿಸಿಲಿನ ಊರುಗಳಿಗೆ ಹೊಂದುವಂಥವು. ಅವುಗಳಲ್ಲಿ ಕೆಲವು ಕರಾವಳಿಯಲ್ಲಿ ಕೆಲಸ ಮಾಡುವುದಿಲ್ಲ, ಒಂದೆರಡು ತಿರುಗುಬಾಣವೇ ಆಗುತ್ತವೆ. ಹಾಗಾಗಿ ಕಾರಣದಿಂದಲೇ ಶುರು ಮಾಡೋಣ.

ಬೆವರು ಬಂದರೆ ಸಾಲದು, ಆರಬೇಕು

ನಮ್ಮ ಮೈಯ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು ಏರದಂತೆ ನೋಡಿಕೊಳ್ಳಲು ದೇಹ ಬೆವರುತ್ತದೆ. ಆದರೆ ತಂಪು ಸಿಗುವುದು ಬೆವರು ಸುರಿಯುವುದರಿಂದಲ್ಲ, ಅದು ಚರ್ಮದ ಮೇಲೆ ಆವಿಯಾಗಿ ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ಹನಿಹನಿಯಾಗಿ ನೆಲಕ್ಕೆ ಬಿದ್ದರೆ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ, ಶಾಖ ಮಾತ್ರ ಒಳಗೇ ಉಳಿಯುತ್ತದೆ.

ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಬೆವರು ಆರುವುದಿಲ್ಲ. ಈ ಪಸೆಯ ಪ್ರಮಾಣವೇ ಆರ್ದ್ರತೆ. ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಇರಬಹುದಾದ ಆವಿಯಲ್ಲಿ ಈಗ ಶೇಕಡಾ ಎಷ್ಟು ಇದೆ ಎಂಬ ಲೆಕ್ಕ. 32 ಡಿಗ್ರಿ ಇದ್ದು ಆರ್ದ್ರತೆ ಶೇ 40 ಇದ್ದರೆ ಮೈಗೆ ಸುಮಾರು 33ರಂತೆ ತಾಗುತ್ತದೆ. ಅದೇ 32 ಡಿಗ್ರಿಗೆ ಆರ್ದ್ರತೆ ಶೇ 70 ಆದರೆ 41ರಂತೆ, ಶೇ 80 ಆದರೆ 45ರಂತೆ. ಇದಕ್ಕೆ ಹೀಟ್ ಇಂಡೆಕ್ಸ್, ಅಂದರೆ ‘ಮೈಗೆ ತಾಗುವ ಉಷ್ಣತೆ’ ಎನ್ನುತ್ತಾರೆ. ಈ ಲೆಕ್ಕ ನೆರಳಿನದು. ನೇರ ಬಿಸಿಲಿಗೆ ನಿಂತರೆ ಇನ್ನೂ ಹೆಚ್ಚು.

ನಾನು ಮನೆಯಲ್ಲಿ ನೋಡುವುದು ಒಂದು ಬೈರಾಸನ್ನು, ಅಂದರೆ ಮೈ ಒರೆಸುವ ಬಟ್ಟೆಯನ್ನು. ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಕೋಣೆಯೊಳಗಿನ ಹಗ್ಗಕ್ಕೆ ಹಾಕುತ್ತೇನೆ. ಎರಡು ಗಂಟೆ ಕಳೆದರೂ ಅದರ ಅಂಚು ಕೈಗೆ ತಣ್ಣಗೆ ಒದ್ದೆಯಾಗಿಯೇ ಸಿಕ್ಕಿದರೆ ಆ ಕೋಣೆಯಲ್ಲಿ ಕೂತವರ ಬೆವರೂ ಆರುತ್ತಿಲ್ಲ ಎಂದರ್ಥ. ಮುಂದಿನ ಪ್ರತಿಯೊಂದು ಹಂತದಲ್ಲೂ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಹೀಗೆ ಮಾಡಿದರೆ ಬೆವರು ಆರುತ್ತದೆಯೇ?

ಬೇಕಾಗುವ ವಸ್ತುಗಳು

ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್, ಐದಾರು ಓಆರ್‌ಎಸ್ ಪೊಟ್ಟಣ, ಎರಡು ಬಕೆಟ್, ನಾಲ್ಕೈದು ಹಳೆಯ ಹತ್ತಿ ಬಟ್ಟೆ, ಕರೆಂಟು ಹೋದಾಗ ಬೀಸಿಕೊಳ್ಳಲು ಅಡಿಕೆ ಹಾಳೆಯ ಬೀಸಣಿಗೆ, ಫ್ರಿಜ್ ಇದ್ದರೆ ಅದರಲ್ಲಿ ಯಾವಾಗಲೂ ಒಂದಿಷ್ಟು ಐಸ್. ಕೋಣೆಯ ಉಷ್ಣತೆ, ಆರ್ದ್ರತೆ ಎರಡನ್ನೂ ತೋರಿಸುವ ಪುಟ್ಟ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೈರಾಸು ಸಾಕು.

ಹಂತ 1: ಮುನ್ಸೂಚನೆಯಲ್ಲಿ ಎರಡು ಅಂಕಿ ನೋಡಿ

ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲೋ ಜಾಲತಾಣದಲ್ಲೋ ನಿಮ್ಮ ಊರಿನ ಉಷ್ಣತೆಯ ಜೊತೆಗೆ ಆರ್ದ್ರತೆಯನ್ನೂ ನೋಡಿ. ಎರಡೂ ಒಂದೇ ಹೊತ್ತಿನದ್ದಾಗಿರಬೇಕು. ಇಲ್ಲಿ ಬಹಳ ಜನ ತಪ್ಪುತ್ತಾರೆ. ಬೆಳಗಿನ ಜಾವದ ಶೇ 90 ಆರ್ದ್ರತೆಯನ್ನು ಮಧ್ಯಾಹ್ನದ 35 ಡಿಗ್ರಿಗೆ ಜೋಡಿಸಿ ಗಾಬರಿಯಾಗುತ್ತಾರೆ. ಬಿಸಿ ಏರಿದಂತೆ ಆರ್ದ್ರತೆಯ ಶೇಕಡಾವಾರು ಇಳಿಯುತ್ತದೆ.

ಬಿಸಿಗಾಳಿ ಎಂದು ಘೋಷಿಸುವ ಮಾನದಂಡವೂ ಊರಿಗೊಂದು ಥರ. ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ತಲುಪಿರಬೇಕು, ಕರಾವಳಿಯಲ್ಲಿ 37. ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. 2025ರಲ್ಲಿ ಫೆಬ್ರುವರಿ ಕೊನೆಯಲ್ಲೇ ನಮ್ಮ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂತು. ಸಮುದ್ರದಿಂದ ಬೀಸುವ ಪಡುಗಾಳಿ ತಡವಾಗಿ, ಮೂಡಣದ ಒಣ ಗಾಳಿಯೇ ಮಧ್ಯಾಹ್ನದವರೆಗೂ ನಿಂತರೆ ಇಲ್ಲಿ ಹೀಗಾಗುತ್ತದೆ.

ಆದರೆ ಘೋಷಣೆಯಾಗಿಲ್ಲ ಎಂದು ಸುಮ್ಮನಿರಬೇಡಿ. 2024ರ ಅಕ್ಟೋಬರ್ 6ರಂದು ಚೆನ್ನೈಯ ಮರೀನಾ ಕಡಲತೀರದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಹೋದವರಲ್ಲಿ ಐವರು ತೀರಿಕೊಂಡರು. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನಲ್ಲಿ ಬಯಲಲ್ಲಿ ನಡೆದ ಪ್ರಶಸ್ತಿ ಸಮಾರಂಭದಲ್ಲಿ ಗಂಟೆಗಟ್ಟಲೆ ಕೂತವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಾಘಾತದಿಂದ ಸತ್ತರು. ಎರಡೂ ಕಡಲಿಗೆ ಹತ್ತಿರದ ಊರುಗಳು. ಎರಡು ದಿನವೂ ಉಷ್ಣತೆ 40 ದಾಟಿರಲಿಲ್ಲ.

ಇನ್ನೊಂದು ಮಾತು. ಏಪ್ರಿಲ್-ಮೇಯಲ್ಲಿ ಸಂಜೆ ಒಂದು ಮಳೆ ಸುರಿದರೆ ಜೀವ ತಣ್ಣಗಾಯಿತು ಅನ್ನಿಸುತ್ತದೆ. ಮರುದಿನ ಬಿಸಿಲು ಬಿದ್ದಾಗ ನೆಲದ ಪಸೆಯೆಲ್ಲ ಆವಿಯಾಗಿ ಏಳುತ್ತದೆ. ಮೊದಲ ಮಳೆಯ ಮರುದಿನವನ್ನು ಹೆಚ್ಚು ಎಚ್ಚರದ ದಿನವೆಂದೇ ಎಣಿಸಿ.

ಹಂತ 2: ಮನೆಯೊಳಗೆ ಗಾಳಿ ಬರಲಿ, ಆವಿ ಹೋಗಲಿ

ಕೂಲರ್ ಪ್ರಶ್ನೆಗೆ ಉತ್ತರ: ಕರಾವಳಿಯಲ್ಲಿ ಕೊಳ್ಳಬೇಡಿ. ಏರ್ ಕೂಲರ್ ಕೆಲಸ ಮಾಡುವುದು ನೀರನ್ನು ಆವಿ ಮಾಡಿ. ರಾಯಚೂರಿನ ಒಣ ಗಾಳಿಯಲ್ಲಿ ಅದು ವರ. ಇಲ್ಲಿ ನೀರು ಸರಿಯಾಗಿ ಆವಿಯಾಗುವುದಿಲ್ಲ, ಆದಷ್ಟೂ ಕೋಣೆಯಲ್ಲೇ ತುಂಬಿಕೊಳ್ಳುತ್ತದೆ. ಕಿಟಕಿ ಮುಚ್ಚಿ ಕೂಲರ್ ಹಾಕಿದ ಮನೆಯಲ್ಲಿ ಒಂದು ಗಂಟೆ ಕೂತು ನೋಡಿ, ಹಾಸಿಗೆ ಕೂಡ ಹಸಿಹಸಿ ಅನ್ನಿಸುತ್ತದೆ. ಕಿಟಕಿಗೆ ಒದ್ದೆ ಪರದೆ ಕಟ್ಟುವುದು, ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸುವುದು, ಕೋಣೆಯೊಳಗೆ ಬಟ್ಟೆ ಒಣಗಿಸುವುದು ಇವೆಲ್ಲ ಇದೇ ಸಾಲಿಗೆ ಸೇರಿದವು. ನೀರು ಹಾಕಲೇಬೇಕೆಂದಿದ್ದರೆ ಹೊರಗೆ, ಮಾಡಿನ ಮೇಲೆ ಹಾಕಿ.

ಮಾಡಬೇಕಾದ್ದು ಇಷ್ಟು. ಬಿಸಿಲು ಗೋಡೆಗೂ ಮಾಡಿಗೂ ತಾಗುವ ಮೊದಲೇ ಅದನ್ನು ತಡೆಯಿರಿ. ಒಳಗಿನ ಪರದೆಗಿಂತ ಹೊರಗಿನ ತಟ್ಟಿ ಎಷ್ಟೋ ಮೇಲು. ತೆಂಗಿನ ಮಡಲು ಹೆಣೆದು ಪಶ್ಚಿಮದ ಕಿಟಕಿಯ ಹೊರಗೆ ಇಳಿಬಿಡಿ. ತಾರಸಿ ಮನೆಯಾದರೆ ಮೇಲೆ ಹಸಿರು ನೆಟ್ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ಹಂಚಿನ ಮಾಡಿನ ಸಂದಿಗಳಲ್ಲಿ ಬಿಸಿ ಗಾಳಿ ಮೇಲಿಂದ ಹೊರಟುಹೋಗುತ್ತದೆ. ಕಾಂಕ್ರೀಟ್ ಹಾಗಲ್ಲ, ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಬಿಡುತ್ತದೆ. ತಗಡಿನ ಶೀಟಿನ ಮನೆಯವರು ಮಧ್ಯಾಹ್ನದ ಹೊತ್ತು ಮನೆಯೊಳಗೆ ಇರದಿರುವುದೇ ಕ್ಷೇಮ. ಮರದಡಿಯ ಜಗಲಿ, ನೆರೆಮನೆ, ಗ್ರಂಥಾಲಯ, ದೇವಸ್ಥಾನದ ಚಂದ್ರಶಾಲೆ, ಎಲ್ಲಿ ಗಾಳಿಯಾಡುತ್ತದೋ ಅಲ್ಲಿಗೆ ಹೋಗಿ. ಬೀಡಿ ಕಟ್ಟುವವರು ಎಲೆ ಹಾರುತ್ತದೆ, ಹೊಗೆಸೊಪ್ಪು ಚೆಲ್ಲುತ್ತದೆ ಎಂದು ಫ್ಯಾನ್ ಆರಿಸಿ ಕೂರುವುದುಂಟು. ಫ್ಯಾನನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ, ಮೊರಕ್ಕೆ ಗಾಳಿ ತಾಗದು, ಮೈಗೆ ತಾಗುತ್ತದೆ.

ಪಡುಗಾಳಿ ಸುಮಾರಾಗಿ ಮಧ್ಯಾಹ್ನದ ಹೊತ್ತಿಗೆ ಏಳುತ್ತದೆ. ಆಗ ಎದುರುಬದುರು ಕಿಟಕಿ ಬಾಗಿಲು ತೆರೆದರೆ ಗಾಳಿ ಹಾದುಹೋಗುತ್ತದೆ. ಅದಕ್ಕೆ ಮೊದಲು, ಹತ್ತರಿಂದ ಹನ್ನೆರಡರ ನಡುವೆ ಎಲೆ ಅಲುಗದ ಹೊತ್ತು ಬಹಳ ಕಷ್ಟದ್ದು. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಟೆಗಟ್ಟಲೆ ಬೇಯುವುದೂ ಅದೇ ಹೊತ್ತಿಗೆ! ಅಕ್ಕಿ ಬೇಯಿಸುವುದನ್ನು ಬೆಳಿಗ್ಗೆ ಏಳಕ್ಕೆ ಮುಗಿಸಿ, ಕುಕ್ಕರ್ ಬಳಸಿ, ಆವಿ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಹಾಕಿ. ಮನೆಯ ಹೆಂಗಸರು ಒಲೆಯ ಮುಂದೆ ಬೇಯುವುದನ್ನು ಯಾರೂ ‘ಬಿಸಿಲಲ್ಲಿ ಕೆಲಸ’ ಎಂದು ಎಣಿಸುವುದಿಲ್ಲ. ಮೈಗೆ ಅದೂ ಅದೇ.

ಫ್ಯಾನ್ ಗಾಳಿ ಬಿಸಿಯಾಗಿದೆ ಎಂದು ಆರಿಸಬೇಡಿ. ಒಣ ಹವೆಯಲ್ಲಿ 40 ಡಿಗ್ರಿಯ ಗಾಳಿ ಮೈಗೆ ಬೀಸಿದರೆ ಹಾನಿ, ಅದು ನಿಜ. ನಮ್ಮ 34-35 ಡಿಗ್ರಿಯ ಒದ್ದೆ ಹವೆಯಲ್ಲಿ ಮೈಗೆ ಅಂಟಿದ ಪಸೆಯನ್ನು ಸರಿಸಿ ಬೆವರು ಆರಿಸುವುದು ಫ್ಯಾನೇ. ಎ.ಸಿ. ಇರುವವರು 26-27ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ರಿಮೋಟಿನಲ್ಲಿ ನೀರಹನಿಯ ಚಿತ್ರವಿರುವ ‘ಡ್ರೈ’ ಎಂಬ ಆಯ್ಕೆ ಗಾಳಿಯ ಪಸೆಯನ್ನು ಹಿಂಡಿ ತೆಗೆಯುತ್ತದೆ. ಮೋಡ ಮುಚ್ಚಿದ ಸೆಕೆಯ ದಿನ ಅದನ್ನೊಮ್ಮೆ ಹಾಕಿ ನೋಡಿ.

ಹಂತ 3: ಮೈಗೆ ಒಗ್ಗಲು ಎರಡು ವಾರ ಕೊಡಿ

ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬೆವರುವುದು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಬಿಸಿಲ ಕೆಲಸದಲ್ಲಿ ಸಾವು ಹೆಚ್ಚಾಗಿ ಬರುವುದು ಮೊದಲ ಕೆಲವೇ ದಿನಗಳಲ್ಲಿ.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಪಾಲು, ಮರುದಿನ ಎರಡು ಪಾಲು, ಹೀಗೆ ಏರಿಸುತ್ತ ಹೋಗಿ. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳನ್ನು ಮರುದಿನವೇ ಮಧ್ಯಾಹ್ನದ ಕ್ರಿಕೆಟ್ಟಿಗೆ ಬಿಡಬೇಡಿ. ಒಂದು ವಾರ ಎ.ಸಿ. ಕಚೇರಿಯಲ್ಲೇ ಇದ್ದು ಭಾನುವಾರ ತೋಟದ ಕೆಲಸಕ್ಕೆ ಇಳಿಯುವವರಿಗೂ ಇದೇ ಮಾತು.

ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಇದೆ. ಕರಾವಳಿಯಲ್ಲಿ ಆ ರೂಢಿ ಇಲ್ಲ, ಆದ್ದರಿಂದ ನಾವೇ ಮಾಡಿಕೊಳ್ಳಬೇಕು. ಅಗೆತ, ಕಲ್ಲು ಹೊರುವುದು, ಕಾಯಿ ಕೀಳುವುದು ಹತ್ತರೊಳಗೆ ಮುಗಿಯಲಿ. ಮುಂದುವರಿಸಲೇಬೇಕಾದರೆ ಗಂಟೆಗೊಮ್ಮೆ ಗಾಳಿ ಬರುವ ನೆರಳಲ್ಲಿ ಹತ್ತು-ಹದಿನೈದು ನಿಮಿಷ ಕೂರಿಸಿ, ಒಬ್ಬೊಬ್ಬರನ್ನೇ ಕೆಲಸಕ್ಕೆ ಬಿಡಬೇಡಿ. ಬಾವಿಯ ನೀರು ತುಂಬಿದ ಬಕೆಟ್ಟಿನಲ್ಲಿ ಮೊಣಕೈವರೆಗೆ ಎರಡೂ ಕೈಗಳನ್ನು ಹತ್ತು ನಿಮಿಷ ಅದ್ದಿಡುವುದು ಕರಾವಳಿಗೆ ಹೇಳಿಮಾಡಿಸಿದ ಉಪಾಯ. ಇದಕ್ಕೆ ಬೆವರು ಆರಬೇಕಾಗಿಲ್ಲ, ನೀರೇ ನೇರವಾಗಿ ಶಾಖ ಎಳೆದುಕೊಳ್ಳುತ್ತದೆ.

ಗಲ್ಫ್‌ನಲ್ಲಿರುವ ನಮ್ಮವರಿಗೆ: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 11ರಿಂದ 4. ಊರಿನಿಂದ ರಜೆ ಮುಗಿಸಿ ಮರಳಿದ ಮೊದಲ ವಾರ ನೀವು ಹೊಸಬರೇ ಎಂದುಕೊಳ್ಳಿ.

ಹಂತ 4: ಕುಡಿಯುವ ಲೆಕ್ಕ

ಬೆವರು ಸುರಿಸುವ ಕೆಲಸ ಮಾಡುವಾಗ 15-20 ನಿಮಿಷಕ್ಕೊಂದು ಲೋಟ (ಸುಮಾರು 240 ಮಿ.ಲೀ.) ನೀರು. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಮೂತ್ರದ ಬಣ್ಣ ತೆಳು ಹಳದಿ ಇದ್ದರೆ ಸರಿ, ಕಡು ಹಳದಿಯಾದರೆ ಸಾಕಾಗಿಲ್ಲ.

ಗಂಜಿ ತೆಳಿಗೆ ಚೂರು ಉಪ್ಪು, ನೀರು ಮಜ್ಜಿಗೆ, ಎಳನೀರು, ಪುನರ್ಪುಳಿ ಶರಬತ್ತು, ಇವು ಒಳ್ಳೆಯವೇ. ನನ್ನ ಆಯ್ಕೆ ಗಂಜಿ: ನೀರು, ಉಪ್ಪು, ಹೊಟ್ಟೆಗೆ ಆಧಾರ ಮೂರೂ ಒಂದೇ ಬಟ್ಟಲಲ್ಲಿ. ಉಪ್ಪಿನಕಾಯಿ ನಂಜಿಕೊಳ್ಳುವವರು ಬೇರೆ ಉಪ್ಪು ಹಾಕಬೇಕಾಗಿಲ್ಲ. ಮದ್ಯ ಬೇಡ.

ಓಆರ್‌ಎಸ್ ವಿಷಯದಲ್ಲಿ ಆಗುವ ತಪ್ಪುಗಳು:

– ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಇಡೀ ಪೊಟ್ಟಣ ಒಂದು ಲೀಟರಿಗೇ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿದರೆ ಹದ ತಪ್ಪುತ್ತದೆ. 200 ಮಿ.ಲೀ.ನ ಸಣ್ಣ ಪೊಟ್ಟಣವೂ ಸಿಗುತ್ತದೆ, ಓದಿ ನೋಡಿ.
– ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ.
– ಅಂಗಡಿಯಲ್ಲಿ ಸಿಗುವ ಸಿಹಿ ಪೇಯಗಳೆಲ್ಲ ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪೇಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.
– ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಕೂಡದು, ಮಕ್ಕಳಿಗಂತೂ ಅಪಾಯ.

ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಉಪ್ಪು, ನೀರು, ಎಳನೀರು ಮೂರಕ್ಕೂ ಮಿತಿ ಇರುತ್ತದೆ. ಮೂತ್ರಪಿಂಡ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ಒಳ್ಳೆಯದಲ್ಲ. ‘ಅಪ್ಪನಿಗೆ ಮಜ್ಜಿಗೆ ಕೊಡಬಹುದಾ’ ಎಂದು ಕೇಳಿದವರಿಗೆ: ಮಜ್ಜಿಗೆ ಕೊಡಿ, ಉಪ್ಪು ಹಾಕದೆ ಕೊಡಿ, ದಿನಕ್ಕೆ ಒಟ್ಟು ಎಷ್ಟು ನೀರು ಎಂದು ಅವರ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಿ, ತಾಯಿ ಹೆಚ್ಚು ಕುಡಿಯಲಿ.

ಹಂತ 5: ರಾತ್ರಿ

ಬಯಲುಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ನೆಲ ಬೇಗ ಆರುತ್ತದೆ. ಇಲ್ಲಿ ಹಾಗಾಗದು, ಹಾಗಾಗಿ ದೇಹಕ್ಕೆ ಸುಧಾರಿಸಿಕೊಳ್ಳುವ ಹೊತ್ತೇ ಸಿಗುವುದಿಲ್ಲ. ಮಲಗುವ ಮೊದಲು ಸ್ನಾನ ಮಾಡಿ, ಮೈಯನ್ನು ಪೂರ್ತಿ ಒರೆಸದೆ ಫ್ಯಾನ್ ಕೆಳಗೆ ಐದು ನಿಮಿಷ ನಿಲ್ಲಿ. ಫೋಮ್ ಹಾಸಿಗೆ ಬಿಟ್ಟು ನೆಲದಲ್ಲಿ ಚಾಪೆ ಹಾಸಿ ತೆಳು ಹತ್ತಿ ಬಟ್ಟೆ ಹೊದಿಸಿ. ಕರೆಂಟು ಹೋದರೆ ಪಾದಗಳನ್ನು ನೀರಿನ ಬಕೆಟ್ಟಿನಲ್ಲಿಟ್ಟು ಕೂರಿ. ಮಕ್ಕಳಿಗೆ ಬೆವರುಸಾಲೆ ಎದ್ದಿದ್ದರೆ ದಪ್ಪಗೆ ಪೌಡರ್, ಎಣ್ಣೆ ಹಚ್ಚಬೇಡಿ, ಬೆವರಿನ ರಂಧ್ರ ಇನ್ನಷ್ಟು ಕಟ್ಟುತ್ತದೆ.

ಹಂತ 6: ಹಿರಿಯರು, ಮಾತ್ರೆಗಳು, ಮಕ್ಕಳು

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬೈ, ದುಬೈಯಲ್ಲಿ, ಮನೆಯಲ್ಲಿ ಇಬ್ಬರು ಹಿರಿಯರು ಮಾತ್ರ. ದಿನಕ್ಕೆ ಎರಡು ಸಲ ಫೋನ್ ಮಾಡಿ. ‘ಆರಾಮಾ?’ ಎಂದು ಕೇಳಿದರೆ ‘ಆರಾಮು’ ಎಂದೇ ಉತ್ತರ ಬರುತ್ತದೆ. ಹೀಗೆ ಕೇಳಿ: ‘ಅಮ್ಮಾ, ಮಧ್ಯಾಹ್ನದಿಂದ ಎಷ್ಟು ಲೋಟ ನೀರು ಕುಡಿದೆ? ಬಾತ್‌ರೂಮಿಗೆ ಎಷ್ಟು ಸಲ ಹೋದೆ? ಈಗ ಫ್ಯಾನ್ ತಿರುಗ್ತಾ ಉಂಟಾ?’ ಮಾತು ತೊದಲಿದರೆ, ಇವತ್ತು ಯಾವ ವಾರ ಎಂದು ಮರೆತರೆ ನೆರೆಯವರನ್ನು ಕೂಡಲೇ ಮನೆಗೆ ಕಳಿಸಿ. ಅದಕ್ಕಾಗಿ ಒಬ್ಬ ನೆರೆಯವರ ನಂಬರು ಈಗಲೇ ನಿಮ್ಮ ಬಳಿ ಇರಲಿ.

ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಅಲರ್ಜಿಯ ಮಾತ್ರೆ, ಮಾನಸಿಕ ಕಾಯಿಲೆಯ ಔಷಧ ಇವು ಬೆವರುವಿಕೆಯನ್ನೋ ನೀರಿನ ಸಮತೋಲವನ್ನೋ ಏರುಪೇರು ಮಾಡಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ; ಬೇಸಿಗೆಗೆ ಮೊದಲೇ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಒಡೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡ.

ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನು ಒಂದು ನಿಮಿಷವೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗೆ ಸುಮಾರು ಹತ್ತು ಡಿಗ್ರಿ ಏರುತ್ತದೆ.

ಹಂತ 7: ಮದುವೆ, ಬ್ರಹ್ಮಕಲಶ, ಮೆರವಣಿಗೆ

ನಮ್ಮ ಸಮಾರಂಭಗಳೆಲ್ಲ ಸೆಕೆಯ ತಿಂಗಳಲ್ಲೇ. ನಡೆಸುವವರು ಶಾಮಿಯಾನದ ಬದಿಗಳನ್ನು ಮುಚ್ಚದಿರಲಿ. ನೆರಳಿಗಿಂತ ಗಾಳಿ ಮುಖ್ಯ. ಸಾಲಿನಲ್ಲಿ ನಿಲ್ಲುವವರಿಗೆ ಸಾಲಿನಲ್ಲೇ ನೀರು ಸಿಗಬೇಕು. ಅಡುಗೆಯವರಿಗೆ ಫ್ಯಾನ್, ಪಾಳಿ, ಬಿಡುವು ಕೊಡಿ. ಹೋಗುವವರು ರೇಷ್ಮೆ, ಪಾಲಿಯೆಸ್ಟರ್ ಬಿಟ್ಟು ಸಡಿಲ ಹತ್ತಿ ಬಟ್ಟೆ ಉಡಿ.

ಹಂತ 8: ಮೈ ಕೆಟ್ಟಾಗ

ಸೆಕೆಯ ಬಳಲಿಕೆ: ವಿಪರೀತ ಬೆವರು, ತಲೆನೋವು, ವಾಕರಿಕೆ, ಮಾಂಸಖಂಡ ಹಿಡಿದುಕೊಳ್ಳುವುದು, ಎದ್ದರೆ ತಲೆಸುತ್ತು, ಬುದ್ಧಿ ಸ್ಪಷ್ಟವಾಗಿರುತ್ತದೆ. ನೆರಳಲ್ಲಿ ಮಲಗಿಸಿ ಕಾಲು ಎತ್ತರಿಸಿ, ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಅರ್ಧ ಗಂಟೆಯಲ್ಲಿ ಹಗುರವಾಗದಿದ್ದರೆ ಆಸ್ಪತ್ರೆಗೆ ಹೋಗಿ.

ಬಿಸಿಲಾಘಾತ (ಹೀಟ್ ಸ್ಟ್ರೋಕ್): ಮೈ ಒಳಗಿನ ಉಷ್ಣತೆ 40 ಡಿಗ್ರಿ ಅಥವಾ ಹೆಚ್ಚು, ಜೊತೆಗೆ ಗೊಂದಲ, ಅಸಂಬದ್ಧ ಮಾತು, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು. ಹೆಸರಲ್ಲಿ ಬಿಸಿಲಿದ್ದರೂ ಬಿಸಿಲೇ ಬೀಳದ ಕೋಣೆಯೊಳಗೂ ಇದು ಆಗುತ್ತದೆ. ‘ಬೆವರುತ್ತಿದ್ದಾನೆ, ಹಾಗಾಗಿ ಇದಲ್ಲ’ ಎನ್ನಬೇಡಿ. ದುಡಿಯುತ್ತಿದ್ದವರಿಗೆ ಬೆವರು ಇದ್ದಾಗಲೂ ಬರುತ್ತದೆ. ಥರ್ಮಾಮೀಟರ್ ಹುಡುಕುತ್ತ ಹೊತ್ತು ಕಳೆಯಬೇಡಿ. ಸೆಕೆಯಲ್ಲಿ ಬುದ್ಧಿ ಮಂಕಾಯಿತು ಎಂದರೆ ಅದೇ ಎಂದು ತಿಳಿದು ಹೀಗೆ ಮಾಡಿ.

1. ಒಬ್ಬರು 108ಕ್ಕೆ ಕರೆ ಮಾಡಲಿ. ಉಳಿದವರು ಕಾಯದೆ ತಂಪು ಮಾಡಲು ಶುರು ಮಾಡಿ.
2. ನೆರಳಿಗೆ ಎಳೆದು ಹೊರಗಿನ ಬಟ್ಟೆ ತೆಗೆಯಿರಿ. ಮಾನ ಮರ್ಯಾದೆಯ ಅಳುಕಿನಲ್ಲಿ ತಡಮಾಡಬೇಡಿ, ಒಂದು ಹತ್ತಿ ಬಟ್ಟೆ ಹೊದಿಸಿ ಅದನ್ನೇ ತೋಯಿಸಿ.
3. ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತಲೇ ಇರಿ, ಮೂಗು ಬಾಯಿಗೆ ಹೋಗದಂತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬೀಸುವುದಷ್ಟೇ ಒಣ ಊರಿನಲ್ಲಿ ಸಾಕಾದೀತು, ಇಲ್ಲಿ ಬಕೆಟ್‌ಗಟ್ಟಲೆ ನೀರು ಬೇಕು. ದುಡಿಯುವಾಗ ಕುಸಿದ ಗಟ್ಟಿ ಆಳನ್ನು ದೊಡ್ಡ ಟಬ್ಬಿನಲ್ಲೋ ತೊಟ್ಟಿಯಲ್ಲೋ ಕುತ್ತಿಗೆವರೆಗೆ ತಣ್ಣೀರಿನಲ್ಲಿ ಇಳಿಸಿ. ತಲೆ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಮೀನಿನ ಧಕ್ಕೆ ಹತ್ತಿರವಿದ್ದರೆ ಐಸಿಗೆ ಬರವಿಲ್ಲ, ತರಿಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿ ಇಡಿ. ಜೊತೆಗೆ ಫ್ಯಾನ್ ಬೀಸಲಿ.
4. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ವಾಂತಿಯಾದರೆ ಮಗ್ಗುಲಿಗೆ ತಿರುಗಿಸಿ.
5. ಪ್ಯಾರಾಸಿಟಮಾಲ್ ಕೊಡಬೇಡಿ. ಇದು ಜ್ವರವಲ್ಲ, ಮಾತ್ರೆಯಿಂದ ಇಳಿಯುವುದಿಲ್ಲ, ಬಳಲಿದ ಪಿತ್ತಜನಕಾಂಗಕ್ಕೆ ಹಾನಿ.
6. ಆಂಬುಲೆನ್ಸ್ ಬಂದ ಮೇಲೂ, ದಾರಿಯುದ್ದಕ್ಕೂ ತಂಪು ಮಾಡುವುದು ನಿಲ್ಲದಿರಲಿ.

ಎಚ್ಚರವಾಗಿ ಎದ್ದು ಕೂತು ‘ಈಗ ಸರಿಯಾಯಿತು, ಆಸ್ಪತ್ರೆ ಬೇಡ’ ಎಂದರೂ ಕರೆದುಕೊಂಡು ಹೋಗಿ. ಮೂತ್ರಪಿಂಡ, ಪಿತ್ತಜನಕಾಂಗದ ತೊಂದರೆ ಒಂದೆರಡು ದಿನ ಬಿಟ್ಟು ತೋರುವುದುಂಟು, ರಕ್ತ ಪರೀಕ್ಷೆ ಮಾಡಿಸಬೇಕು. ಮನೆಗೆ ಬಂದ ಮೇಲೂ ಕೆಲವು ವಾರ ಅವರಿಗೆ ಸೆಕೆ ತಡೆಯುವ ಶಕ್ತಿ ಕಡಿಮೆ. ವೈದ್ಯರು ಹೇಳುವವರೆಗೆ ಬಿಸಿಲ ಕೆಲಸಕ್ಕೆ ಕರೆಯಬೇಡಿ, ಕರೆದಾಗ ಮತ್ತೆ ಮೂರನೇ ಹಂತದ ಐದನೇ ಒಂದು ಪಾಲಿನಿಂದಲೇ ಶುರು ಮಾಡಿಸಿ.